ಬರಿದಾದ ಸೀಸೆ ಯಾರದು?

ಕಳೆದ ಬೇಸಿಗೆಯ ಮೊದಲಲ್ಲಿ ನಮ್ಮ ಕಾಲೇಜಿನ ಮೂವತ್ತು ಮಂದಿ ವಿದ್ಯಾರ್ಥಿಗಳೊಡನೆ ಉದಕಮಂಡಲಕ್ಕೆ ಹೋಗಿಬಂದೆ. ಮೈಸೂರು ಸೀಮೆಯವರಿಗೆ ಆ ಊರು ಪರದೇಶವೇನೂ ಅಲ್ಲ. ಗುಂಡ್ಲುಪೇಟೆ ದಾಟಿ, ಬಂಡೀಪುರದ ಕಾಡನ್ನು ಹಾಯ್ದು, ಕಕ್ಕನಹಳ್ಳದ ತಪಾಸಣೆಯ ಗೇಟನ್ನು ಕಳೆದರೆ ರಾಜ್ಯ ಬದಲಾಗುತ್ತದೆಯೆ ಹೊರತು ಕಾಡು ಬದಲಾಗುವುದಿಲ್ಲ. ಘಟ್ಟ ಹತ್ತಿದರೆ ಅಲ್ಲಿಯ ಅತ್ಯುನ್ನತ ಶಿಖರದ ಹೆಸರು ದೊಡ್ಡಬೆಟ್ಟ. ಅದಕ್ಕೆ ನಿಘಂಟು ಬೇಡ. ಬಡಗರ ಹಟ್ಟಿಗಳಲ್ಲಿ ಆಡುವ ಮಾತು ನಮ್ಮ ಕಿವಿಗೆ ಬಹುಪಾಲು ತಿಳಿಯುತ್ತದೆ.

ಮಧ್ಯಾಹ್ನ ಹುಡುಗರು ಊಟದ ಮನೆ ಹುಡುಕುತ್ತಿದ್ದಾಗ ಸರ್ಕಾರಿ ಮದ್ಯದಂಗಡಿಯೊಂದರ ಎದುರಿಗೆ ಬಂದೆವು. ಹನ್ನೆರಡು ಗಂಟೆಗೆ ತೆರೆಯುವ ಅಂಗಡಿ; ಬಾಗಿಲ ಮುಂದೆ ಗಂಡಸರ ಸಾಲು. ಆ ಸಾಲಿನ ನಡುವೆ ಐವತ್ತು ದಾಟಿದ ಒಬ್ಬ ಹೆಂಗಸು ಗೋಣಿಚೀಲವೊಂದನ್ನು ಕಾಲಿನ ಬಳಿ ಇಟ್ಟುಕೊಂಡು ನಿಂತಿದ್ದಳು. ನಮ್ಮ ಹುಡುಗರು ಒಬ್ಬರ ಮುಖ ಒಬ್ಬರು ನೋಡಿ ನಕ್ಕರು. ಬಾಗಿಲು ತೆರೆಯಿತು. ಆಕೆ ಕೊಳ್ಳಲು ಬಂದವಳಲ್ಲ. ಚೀಲದಿಂದ ಬರಿಯ ಸೀಸೆಗಳನ್ನು ಒಂದೊಂದಾಗಿ ತೆಗೆದು ಕಂಬಿಯ ಕಿಂಡಿಯಲ್ಲಿ ಇಟ್ಟಳು. ಒಳಗಿದ್ದವನು ಪ್ರತಿಯೊಂದರ ಮೇಲಿನ ಗುರುತನ್ನು ನೋಡಿ, ಕತ್ತು ಮುರಿದಿದ್ದ ಎರಡನ್ನು ಹಿಂದಕ್ಕೆ ತಳ್ಳಿ, ಉಳಿದವಕ್ಕೆ ತಲಾ ಹತ್ತು ರೂಪಾಯಿಯಂತೆ ಎಣಿಸಿ ಕೊಟ್ಟ. ಆಕೆ ನೋಟುಗಳನ್ನು ಮಡಿಸಿ ಸೊಂಟಕ್ಕೆ ಸಿಕ್ಕಿಸಿಕೊಂಡು, ಮುರಿದ ಎರಡನ್ನು ಮತ್ತೆ ಚೀಲಕ್ಕೆ ಹಾಕಿಕೊಂಡು ಹೊರಟಳು.

"ಸಾರ್, ಕುಡಿದವರ ದುಡ್ಡು ಆಕೆಗೆ ಸಿಕ್ಕಿತಲ್ಲ, ಇದು ಸರಿಯೆ?" ಎಂದ ಒಬ್ಬ ಹುಡುಗ. "ಅವರೇ ಬಿಟ್ಟುಹೋದದ್ದು, ತಪ್ಪೇನು?" ಎಂದಳು ಒಬ್ಬ ಹುಡುಗಿ. ಗುಂಡ್ಲುಪೇಟೆಯವರೆಗೆ ಬಸ್ಸಿನಲ್ಲಿ ಅದೇ ಚರ್ಚೆ. ಮೇಲುನೋಟಕ್ಕೆ ಹತ್ತು ರೂಪಾಯಿಯ ಮಾತು. ಆದರೆ ವಾದಿಸುತ್ತ ಹೋದಂತೆ ಅದು ನಾಗರಿಕನ ಮಾನ, ಸರ್ಕಾರದ ನಡತೆ, ಕೂಲಿಯ ನ್ಯಾಯ ಎಲ್ಲಕ್ಕೂ ಕೈಚಾಚಿತು. ಆ ಚರ್ಚೆಯನ್ನೇ ಇಲ್ಲಿ ಸ್ವಲ್ಪ ಸಾವಧಾನವಾಗಿ ಮುಂದುವರಿಸಬೇಕೆಂದು ನನ್ನ ಇಚ್ಛೆ.

ಮೊದಲು ಸಂಗತಿ. ತಮಿಳುನಾಡಿನಲ್ಲಿ ಮದ್ಯದ ಚಿಲ್ಲರೆ ಮಾರಾಟ 2003ರಿಂದ ಸರ್ಕಾರಿ ನಿಗಮವೊಂದರ ಕೈಯಲ್ಲಿದೆ. ಜನರ ಬಾಯಲ್ಲಿ ಅದರ ಹೆಸರು ಟಾಸ್ಮಾಕ್. ನೀಲಗಿರಿಗೆ ಬರುವ ಪ್ರವಾಸಿಗಳು ಅಂಗಡಿಯಲ್ಲಿ ಸೀಸೆ ಕೊಂಡು, ಕಾಡಿನ ಅಂಚಿನಲ್ಲಿ ಗಾಡಿ ನಿಲ್ಲಿಸಿ, ಕುಡಿದು, ಬರಿದಾದದ್ದನ್ನು ಪೊದೆಗೆ ಎಸೆದು ಹೋಗುತ್ತಿದ್ದರು. ಕಲ್ಲಿಗೆ ತಾಗಿ ಒಡೆದ ಗಾಜು ಮಣ್ಣಿನಲ್ಲಿ ಕರಗುವುದಿಲ್ಲ, ಮಳೆಗೆ ಕೊಳೆಯುವುದಿಲ್ಲ. ಆನೆಯ ಪಾದ ಹೊರಗೆ ಕಂಬದಂತೆ ಕಂಡರೂ ಅಡಿ ಮೆತ್ತೆಯಂಥದು. ಗಾಜಿನ ಚೂರು ಅಲ್ಲಿ ನೆಟ್ಟರೆ ಕೀಳುವವರಾರು? ಗಾಯ ಕೀವಾಗುತ್ತದೆ, ಆನೆ ಕುಂಟುತ್ತದೆ. ಮೇವು ನೀರಿಗಾಗಿ ದಿನವೂ ಹರದಾರಿಗಟ್ಟಲೆ ನಡೆಯಬೇಕಾದ ಪ್ರಾಣಿಗೆ ನಡೆಯಲಾಗದಿರುವುದೆಂದರೆ ಬದುಕಲಾಗದಿರುವುದೆಂದೇ ಅರ್ಥ. ಅರಣ್ಯದ ಮೊಕದ್ದಮೆಗಳನ್ನು ವಿಚಾರಿಸುತ್ತಿದ್ದ ಮದರಾಸು ಹೈಕೋರ್ಟಿನ ಪೀಠದ ಮುಂದೆ ಈ ವಿಷಯ ಬಂದು, ಅದರ ಆದೇಶದಂತೆ 2022ರ ಮೇ ತಿಂಗಳಲ್ಲಿ ನೀಲಗಿರಿ ಜಿಲ್ಲೆಯಲ್ಲಿ ಹೊಸ ಏರ್ಪಾಟು ಜಾರಿಗೆ ಬಂತು. ಪ್ರತಿ ಸೀಸೆಗೂ ಬೆಲೆಯ ಮೇಲೆ ಹತ್ತು ರೂಪಾಯಿ ಠೇವಣಿ. ಬರಿಯ ಸೀಸೆಯನ್ನು ಮರಳಿಸಿದರೆ ಆ ಹತ್ತು ರೂಪಾಯಿ ವಾಪಸ್ಸು. ಮುಂದೆ ಅದು ಬೇರೆ ಗಿರಿಧಾಮಗಳಿಗೂ, ಬಯಲಿನ ಕೊಯಮತ್ತೂರು, ಪೆರಂಬಲೂರು ಮೊದಲಾದ ಜಿಲ್ಲೆಗಳಿಗೂ ಇಳಿಯಿತು. ನೆರೆಯ ಕೇರಳವೂ 2025ರ ಸೆಪ್ಟೆಂಬರಿನಲ್ಲಿ ಇಪ್ಪತ್ತು ರೂಪಾಯಿ ಠೇವಣಿಯ ಏರ್ಪಾಟನ್ನು ತಿರುವನಂತಪುರ, ಕಣ್ಣೂರು ಜಿಲ್ಲೆಗಳಲ್ಲಿ ಪ್ರಯೋಗಕ್ಕೆಂದು ಆರಂಭಿಸಿತು.

ಇಂಥ ಏರ್ಪಾಟು ಹೊಸದಾಗಿ ಬಂದ ಕಡೆಯಲ್ಲೆಲ್ಲ ಏಳುವ ಆಕ್ಷೇಪಗಳು ಸಾಮಾನ್ಯವಾಗಿ ನಾಲ್ಕು ಬಗೆ. ಒಂದೊಂದಾಗಿ ನೋಡೋಣ.

ಮೊದಲನೆಯದು ನೀತಿವಂತರ ಆಕ್ಷೇಪ. ಮದ್ಯವನ್ನು ತಾನೇ ಮಾರುವ ಸರ್ಕಾರ ಕುಡಿದವನಿಗೆ ಶುಚಿತ್ವದ ಪಾಠ ಹೇಳುವುದು ಯಾವ ನ್ಯಾಯ? ಸೀಸೆಯ ಒಳಗಿನದು ಮನೆಗಳನ್ನು ಹಾಳುಮಾಡಬಹುದು, ಸೀಸೆ ಮಾತ್ರ ಕಾಡನ್ನು ಹಾಳುಮಾಡಬಾರದೆ? ಈ ಮಾತಿನಲ್ಲಿ ಕಹಿಯಾದ ಸತ್ಯವಿದೆ. ಅದನ್ನು ನಕ್ಕು ತಳ್ಳುವಂತಿಲ್ಲ. ಆದರೆ ಒಂದು ದೊಡ್ಡ ತಪ್ಪು ಉಳಿದಿದೆ ಎಂಬುದು ಇನ್ನೊಂದು ತಪ್ಪನ್ನು ಉಳಿಸಿಕೊಳ್ಳಲು ಕಾರಣವಾಗದು. ಕುಡಿತದ ಪ್ರಶ್ನೆ ಬಗೆಹರಿಯುವ ತನಕ ಆನೆ ಕಾಲೆತ್ತಿಕೊಂಡು ಕಾಯಲಾರದು.

ಎರಡನೆಯದು ಅನುಮಾನಿಗಳದು. ಇದು ಬೆಲೆಯೇರಿಕೆಯ ಇನ್ನೊಂದು ಹೆಸರು, ಮರಳಿ ಬರುವುದೆಂಬುದು ಬಾಯಿಮಾತು ಎಂದು ಅವರ ವಾದ. ಮುದ್ರಿಸಿದ ಬೆಲೆಗಿಂತ ಹೆಚ್ಚು ತೆಗೆದುಕೊಳ್ಳುತ್ತಾರೆಂಬ ದೂರು ಮೊದಲಿಂದ ಇದ್ದ ಕಡೆ ಈ ಅನುಮಾನ ಹುಟ್ಟದಿದ್ದರೆ ಆಶ್ಚರ್ಯ. ಪ್ರವಾಸಿಯ ತೊಡಕೂ ಇದಕ್ಕೆ ಸೇರಿದ್ದು: ಸಂಜೆ ಕೊಂಡವನು ಬೆಳಗ್ಗೆ ಘಟ್ಟ ಇಳಿಯುತ್ತಾನೆ, ಅಂಗಡಿ ತೆರೆಯುವುದು ಹನ್ನೆರಡಕ್ಕೆ. ಇಂಥ ಅನುಮಾನಕ್ಕೆ ಉಪದೇಶ ಉತ್ತರವಲ್ಲ. ಕೇಳಿದೊಡನೆ, ಮುಖ ಸಿಂಡರಿಸದೆ, ನೋಟನ್ನು ಕೈಗೆ ಹಾಕುವುದೊಂದೇ ಉತ್ತರ. ನೀಲಗಿರಿಯಲ್ಲಿ ದಿನ ಕಳೆದಂತೆ ಹತ್ತರಲ್ಲಿ ಒಂಬತ್ತರ ಆಸುಪಾಸು ಸೀಸೆಗಳು ಮರಳತೊಡಗಿದ್ದನ್ನು ನೋಡಿದರೆ, ಆ ಉತ್ತರ ಬಹುಮಟ್ಟಿಗೆ ದೊರೆಯಿತೆಂದೇ ತಿಳಿಯಬೇಕು.

ಮೂರನೆಯ ಆಕ್ಷೇಪ ನನಗೆ ಹೆಚ್ಚು ಸ್ವಾರಸ್ಯವಾಗಿ ತೋರಿತು, ಏಕೆಂದರೆ ಅದು ಹಣದ್ದಲ್ಲ, ಮಾನದ್ದು. "ನಾನು ಎಂದೂ ರಸ್ತೆಯಲ್ಲಿ ಕಸ ಎಸೆದವನಲ್ಲ. ಎಸೆಯುತ್ತೇನೆಂದು ಮೊದಲೇ ಊಹಿಸಿ ನನ್ನ ಹತ್ತು ರೂಪಾಯಿ ಹಿಡಿದಿಟ್ಟುಕೊಳ್ಳುವುದು ನನ್ನನ್ನು ಅಪರಾಧಿಯೆಂದು ಮೊದಲೇ ತೀರ್ಮಾನಿಸಿದಂತಲ್ಲವೆ?" ಇದು ನಮ್ಮ ದೇಶದ ಮಾತು ಮಾತ್ರವಲ್ಲ. ಐರ್ಲೆಂಡಿನಲ್ಲಿ 2024ರ ಫೆಬ್ರುವರಿ 1ರಿಂದ ಪಾನೀಯಗಳ ಪ್ಲಾಸ್ಟಿಕ್ ಸೀಸೆಗೂ ಲೋಹದ ಡಬ್ಬಿಗೂ ಹದಿನೈದು ಸೆಂಟು, ದೊಡ್ಡದಾದರೆ ಇಪ್ಪತ್ತೈದು ಸೆಂಟು ಠೇವಣಿ ಬಂದಾಗ ಅಲ್ಲಿನ ಗೃಹಸ್ಥರೂ ಹೀಗೆಯೇ ನೊಂದುಕೊಂಡರು. ತಾವು ಇಷ್ಟು ವರ್ಷ ಮನೆಯ ಹಸಿರು ತೊಟ್ಟಿಗೆ ಶ್ರದ್ಧೆಯಿಂದ ಹಾಕುತ್ತಿದ್ದೆವು. ಈಗ ಅದೇ ಡಬ್ಬಿಯನ್ನು ಜಜ್ಜದೆ, ಚೀಲದಲ್ಲಿ ಹೊತ್ತು, ಅಂಗಡಿಯ ಯಂತ್ರದ ಮುಂದೆ ಸಾಲು ನಿಲ್ಲಬೇಕು. ಯಂತ್ರ ಕೆಟ್ಟಿದ್ದರೆ ಹೊತ್ತು ಹಿಂದಿರುಗಬೇಕು. ಒಳ್ಳೆಯವರಾಗಿದ್ದುದಕ್ಕೆ ನಮಗೇ ದಂಡವೆ ಎಂಬುದು ಅವರ ಅಳಲು.

ಈ ಅಳಲಿನ ಬೇರು ಎಲ್ಲಿದೆಯೆಂದು ಯೋಚಿಸುವಾಗ ನಮ್ಮ ಸಾಹಿತ್ಯಕ್ಕೆ ಪರಿಚಿತವಾದ ಎರಡು ಮಾತುಗಳು ನೆನಪಿಗೆ ಬರುತ್ತವೆ: ನ್ಯಾಸ, ಒತ್ತೆ. ಭಾಸನ 'ಸ್ವಪ್ನವಾಸವದತ್ತ'ದಲ್ಲಿ ಮಂತ್ರಿ ಯೌಗಂಧರಾಯಣ ವೇಷ ಮರೆಸಿಕೊಂಡು, ತನ್ನ ರಾಣಿ ವಾಸವದತ್ತೆಯನ್ನೇ ಪದ್ಮಾವತಿಯ ಬಳಿ ನ್ಯಾಸವಾಗಿ ಇಟ್ಟುಹೋಗುತ್ತಾನೆ. ಅದಕ್ಕೆ ಚೀಟಿಯಿಲ್ಲ, ಅಡಮಾನವಿಲ್ಲ. ನ್ಯಾಸವೆಂದರೆ ನಂಬಿಕೆಯ ಮೇಲೆ ಇಟ್ಟದ್ದು. ಕಾಯುವವನ ಮಾತೇ ಅದಕ್ಕೆ ಜಾಮೀನು. ಒತ್ತೆಯಾದರೋ ನಂಬಿಕೆಯಿಲ್ಲದಲ್ಲಿ ಹುಟ್ಟುವಂಥದು. ಒಂದನ್ನು ಮರಳಿಸುವ ತನಕ ಇನ್ನೊಂದನ್ನು ಹಿಡಿದಿಟ್ಟುಕೊಳ್ಳುವುದು ಅದರ ಕ್ರಮ. ಕಾಡನ್ನು ನಮ್ಮ ಕೈಯಲ್ಲಿಟ್ಟ ನ್ಯಾಸವೆಂದು ಭಾವಿಸಬೇಕಾಗಿದ್ದ ನಮ್ಮನ್ನು ಹತ್ತು ರೂಪಾಯಿ ಒತ್ತೆಯಿಟ್ಟವರ ಮಟ್ಟಕ್ಕೆ ಇಳಿಸಿದರು ಎಂಬುದೇ ಮಾನವಂತನ ನೋವು.

ನೋವು ನಿಜವಾದದ್ದೆ. ಆದರೆ ಒಂದು ಅಂಶವನ್ನು ಮರೆಯಬಾರದು. ಆ ಆಶ್ರಮದಲ್ಲಿ ಇಟ್ಟವನಿಗೂ ಇಟ್ಟುಕೊಂಡವಳಿಗೂ ಹಿಂದಿನ ಪರಿಚಯವೇನೂ ಇರಲಿಲ್ಲ. ಆದರೂ ನ್ಯಾಸ ನಿಂತಿತು. ಏಕೆಂದರೆ ಪದ್ಮಾವತಿ ಮಾತು ಕೊಟ್ಟದ್ದು ಎಲ್ಲರ ಎದುರಿಗೆ. ಕೊಟ್ಟವಳು ಮಗಧದ ರಾಜಕುಮಾರಿಯೆಂದು ಎಲ್ಲರೂ ಬಲ್ಲರು. ಹೆಸರು ತಿಳಿದಲ್ಲಿ ಮಾತಿಗೆ ಬೆಲೆ. ಘಟ್ಟದ ತಿರುವಿನಲ್ಲಿ, ಮಬ್ಬುಗತ್ತಲಲ್ಲಿ, ಓಡುವ ಗಾಡಿಯಿಂದ ಹೊರಗೆ ಹಾರಿದ ಸೀಸೆಗೆ ಹೆಸರಿಲ್ಲ. ಲಕ್ಷಾಂತರ ಅಪರಿಚಿತರು ಬಂದುಹೋಗುವ ಬೆಟ್ಟದ ಮೇಲೆ ನ್ಯಾಸದ ಧರ್ಮವೊಂದನ್ನೇ ನಂಬಿ ಕುಳಿತರೆ ಏನಾಗುತ್ತದೆಂಬುದನ್ನು ಆ ಪೊದೆಗಳೇ ಹೇಳುತ್ತಿದ್ದವು. ಕಾಲೇಜುಗಳಲ್ಲಿ ನಾವು ಮಾಡುವುದಾದರೂ ಏನು? ಗ್ರಂಥಾಲಯಕ್ಕೆ ಠೇವಣಿ, ರಸಾಯನಶಾಸ್ತ್ರದ ಪ್ರಯೋಗಶಾಲೆಯ ಗಾಜಿನ ಸಾಮಾನಿಗೆ ಠೇವಣಿ. ಯಾವ ವಿದ್ಯಾರ್ಥಿಯೂ ಅದನ್ನು ಅಪಮಾನವೆಂದು ಎಣಿಸಿದ್ದನ್ನು ನಾನು ಕಂಡಿಲ್ಲ. ಎಲ್ಲರಿಂದಲೂ ಸಮನಾಗಿ ತೆಗೆದುಕೊಂಡದ್ದು ಯಾರನ್ನೂ ಬೊಟ್ಟುಮಾಡಿ ತೋರಿಸುವುದಿಲ್ಲ.

ಇಲ್ಲಿ ನಮ್ಮ ಹಿಂದಿನ ದಿನಗಳನ್ನು ನೆನೆದು, ಆಗ ಜನ ಒಳ್ಳೆಯವರಾಗಿದ್ದರು, ಈಗ ಕೆಟ್ಟರು ಎನ್ನುವವರುಂಟು. ಗೋಲಿಸೋಡದ ಸೀಸೆಯನ್ನು ಯಾರಾದರೂ ಬೀದಿಗೆ ಎಸೆದಿದ್ದರೆ ಎಂದು ಅವರು ಕೇಳುತ್ತಾರೆ. ಇಲ್ಲ, ಎಸೆಯುತ್ತಿರಲಿಲ್ಲ. ಆದರೆ ಏಕೆ? ಅಂಗಡಿಯವನ ಕಣ್ಣೆದುರಿಗೆ ನಿಂತು ಕುಡಿದು, ಸೀಸೆಯನ್ನು ಅವನ ಕೈಗೇ ಕೊಟ್ಟು ಬರಬೇಕಾಗಿತ್ತು. ಸೋಡ ನಮ್ಮದು, ಸೀಸೆ ಅವನದು. ಮನೆಗೆ ಒಯ್ಯುವುದಾದರೆ ಸೀಸೆಯ ದುಡ್ಡನ್ನು ಅವನಲ್ಲಿ ಇಟ್ಟು ಬರಬೇಕು. ಮನೆಯಲ್ಲಿ ಉಳಿದ ಬೇರೆ ಸೀಸೆಗಳಾದರೋ ಹರಳೆಣ್ಣೆಗೋ ಜೇನಿಗೋ ಮೀಸಲಾಗುತ್ತಿದ್ದವು. ಅದಕ್ಕೂ ಒದಗದವು "ಹಳೇ ಪೇಪರ್, ಖಾಲಿ ಸೀಸೆ" ಎಂದು ಕೂಗುತ್ತ ಬರುವವನ ತಕ್ಕಡಿಗೆ ಹೋಗುತ್ತಿದ್ದವು. ನಮ್ಮ ಹಿರಿಯರು ನಮಗಿಂತ ಶುಚಿಯಾಗಿದ್ದರೆಂದು ನನಗೆ ತೋರುವುದಿಲ್ಲ. ಅವರ ಕಾಲದಲ್ಲಿ ಬರಿದಾದ ಸೀಸೆಗೂ ಒಬ್ಬ ಒಡೆಯನಿದ್ದ, ವ್ಯತ್ಯಾಸ ಅಷ್ಟೆ. ಕೊಂಡು ಬಿಸಾಡುವ ಸೀಸೆ ಬಂದಾಗ ಆ ಒಡೆತನ ತಪ್ಪಿಹೋಯಿತು. ಕೆಟ್ಟುಹೋದದ್ದು ಏರ್ಪಾಟು, ನಾವು ದೂರಿದ್ದು ನಡತೆಯನ್ನು.

ಈ ಮಾತಿಗೆ ಟಾಸ್ಮಾಕಿನ ವ್ಯವಹಾರದಲ್ಲೇ ಒಂದು ನಿದರ್ಶನವಿದೆ. ಅಂಗಡಿಗೆ ಅಂಟಿಕೊಂಡ ಬಾರುಗಳನ್ನು ನಡೆಸಲು ಕರೆಯುತ್ತಿದ್ದ ಟೆಂಡರಿನಲ್ಲಿ ಎರಡು ಹಕ್ಕುಗಳು ಸೇರಿದ್ದವು: ತಿಂಡಿ ಮಾರುವುದು ಒಂದು, ಬರಿಯ ಸೀಸೆಗಳನ್ನು ಸಂಗ್ರಹಿಸುವುದು ಇನ್ನೊಂದು. ಬರಿದಾದ ಸೀಸೆಗೆ ಬೆಲೆಯಿಲ್ಲದಿದ್ದರೆ ಅದನ್ನು ಹರಾಜಿಗೆ ಸೇರಿಸುವವರಾರು? ಬಾರಿನೊಳಗೆ ಕುಡಿದವನ ಸೀಸೆ ನೆಲ ಮುಟ್ಟುವ ಮೊದಲೇ ಒಬ್ಬ ಬಂದು ಎತ್ತಿಕೊಂಡು ಹೋಗುತ್ತಿದ್ದ. ಅದೇ ಕುಡುಕ, ಅದೇ ಸೀಸೆ, ಕಾಡಿನ ಅಂಚಿಗೆ ಹೋದರೆ ಗಾಜಿನ ಚೂರು. ಮನುಷ್ಯ ಬದಲಾಗಲಿಲ್ಲ, ಸೀಸೆಯ ಒಡೆತನ ಬದಲಾಯಿತು. ಹತ್ತು ರೂಪಾಯಿ ಮಾಡಿದ ಕೆಲಸವೂ ಇಷ್ಟೆ: ಬಾರಿನೊಳಗೆ ಇದ್ದ ಒಡೆತನವನ್ನು ಕಾಡಿನ ಅಂಚಿನವರೆಗೆ ವಿಸ್ತರಿಸಿತು. ಕುಡಿದವನು ಮರಳಿಸಿದರೆ ಸರಿ. ಅವನು ಸೋಮಾರಿಯೋ ಧನಿಕನೋ ಆಗಿ ಬಿಟ್ಟುಹೋದರೆ ಆ ಒಡೆತನ ಎತ್ತಿಕೊಂಡವರ ಪಾಲು. ಅವನ ಹೃದಯ ಪರಿವರ್ತನೆಯಾಗುವ ತನಕ ಯಾರೂ ಕಾಯಬೇಕಾಗಿಲ್ಲ.

ಆದ್ದರಿಂದ ನಮ್ಮ ಹುಡುಗ ಕೇಳಿದ ಪ್ರಶ್ನೆಗೆ ಉತ್ತರ ಕಷ್ಟವಲ್ಲ. ಗೋಣಿಚೀಲದ ಹೆಂಗಸು ಯಾರ ದುಡ್ಡನ್ನೂ ಕದಿಯಲಿಲ್ಲ. ಒಬ್ಬ ಮಾಡಬೇಕಾಗಿದ್ದ ಕೆಲಸವನ್ನು ಆಕೆ ಮಾಡಿದಳು. ಅವನು ಅದಕ್ಕಾಗಿ ಮೊದಲೇ ಇಟ್ಟುಹೋಗಿದ್ದ ಕೂಲಿಯನ್ನು ಪಡೆದಳು. ಜರ್ಮನಿಯ ನಗರಗಳಲ್ಲಿ ಎಷ್ಟೋ ಮಂದಿ ಬರಿಯ ಸೀಸೆಯನ್ನು ಕಸದ ತೊಟ್ಟಿಯ ಒಳಗೆ ಹಾಕದೆ ಪಕ್ಕದಲ್ಲಿ ನಿಲ್ಲಿಸಿ ಹೋಗುತ್ತಾರೆ, ಆಯುವ ಬಡವರು ತೊಟ್ಟಿಗೆ ಕೈಹಾಕಬೇಕಾಗದಿರಲೆಂದು. ಕಾನೂನು ಹೇಳದ ಈ ಸೌಜನ್ಯ ಕಾನೂನಿನ ಬೆನ್ನಿಗೆ ತಾನಾಗಿ ಹುಟ್ಟಿದೆ. ಒತ್ತೆಯಿಂದ ನಂಬಿಕೆ ಸಾಯುತ್ತದೆ ಎನ್ನುವವರು ಇದನ್ನು ಯೋಚಿಸಬೇಕು.

ಇನ್ನು ನಾಲ್ಕನೆಯ ಆಕ್ಷೇಪ, ಅಂಗಡಿಯ ನೌಕರರದು. ನನ್ನ ದೃಷ್ಟಿಯಲ್ಲಿ ತೂಕವಾದದ್ದು ಇದೊಂದೆ. ಕಡಮೆ ಕಿವಿಗೆ ಬಿದ್ದದ್ದೂ ಇದೇ. ಹತ್ತಡಿ ಅಗಲದ ಕೋಣೆಯಲ್ಲಿ ತುಂಬಿದ ಸೀಸೆಗಳ ಪೆಟ್ಟಿಗೆಗಳೇ ಕಾಲಿಡಲು ಎಡೆಗೊಡುವುದಿಲ್ಲ. ಮಾರಿದಷ್ಟೇ ಸಂಖ್ಯೆಯ ಬರಿಯ ಸೀಸೆಗಳು ಮರಳಿ ಬಂದರೆ ಇಡುವುದೆಲ್ಲಿ? ಮಣ್ಣು, ಎಂಜಲು ಮೆತ್ತಿದ ಸೀಸೆಯನ್ನು ಬರಿಗೈಯಲ್ಲಿ ಹಿಡಿದು ಗುರುತು ನೋಡಬೇಕು, ಲೆಕ್ಕ ಬರೆಯಬೇಕು, ದುಡ್ಡು ಎಣಿಸಬೇಕು. ಅದೇ ಹೊತ್ತಿಗೆ ಕೊಳ್ಳುವವರ ಸಾಲು ಗದ್ದಲವೆಬ್ಬಿಸುತ್ತಿರುತ್ತದೆ. ಲೆಕ್ಕ ತಪ್ಪಿದರೆ ಯಾರ ಸಂಬಳದಿಂದ? ತಮಿಳುನಾಡಿನ ಹಲವೆಡೆ ನೌಕರರ ಸಂಘಗಳು ಈ ಕೆಲಸದ ಹೊರೆಯನ್ನು ಪ್ರತಿಭಟಿಸಿದ್ದು ಇದಕ್ಕಾಗಿ. ಅವರನ್ನು ಪರಿಸರದ ವಿರೋಧಿಗಳೆಂದು ಕರೆಯುವುದು ಸುಲಭ, ನ್ಯಾಯವಲ್ಲ. ಕಾಡಿನ ಶುಚಿತ್ವದ ವೆಚ್ಚವನ್ನು ಕುಡಿದವನ ಹತ್ತು ರೂಪಾಯಿ ಹೊರುತ್ತದೆಂದು ನಾವು ತಿಳಿದಿದ್ದೇವೆ. ನಿಜವಾಗಿ ಅದರ ಬಹುಭಾಗವನ್ನು ಹೊರುತ್ತಿರುವುದು ಕಿಂಡಿಯ ಆಚೆಗಿನ ಎರಡು ಕೈಗಳು. ಬೇರೆ ಕೋಣೆ, ಬೇರೆ ಆಳು, ಕೈಗವಸು, ಸೀಸೆಗಳನ್ನು ಕಾಲಕಾಲಕ್ಕೆ ಸಾಗಿಸುವ ಲಾರಿ ಇಷ್ಟನ್ನು ಒದಗಿಸದೆ ಆದೇಶವನ್ನು ಮಾತ್ರ ಹೊರಡಿಸಿದರೆ, ಬೇಸತ್ತ ನೌಕರನು "ನಾಳೆ ಬಾ" ಎನ್ನುತ್ತಾನೆ. ಆ ಎರಡು ಮಾತು ಸಾಕು, ಇಡೀ ಏರ್ಪಾಟು ಅನುಮಾನಿಗಳು ಹೇಳಿದಂತೆ ಬೆಲೆಯೇರಿಕೆಯಾಗಿ ಮುಗಿಯುತ್ತದೆ.

ಮರಳದೆ ಉಳಿದ ಸೀಸೆಗಳ ಹಣ ಯಾರದೆಂಬ ಪ್ರಶ್ನೆಯೂ ಇದಕ್ಕೆ ಸೇರಿದ್ದು. ಹತ್ತರಲ್ಲಿ ಒಂದು ಸೀಸೆ ಬಾರದಿದ್ದರೂ, ಇಡೀ ರಾಜ್ಯದ ಲೆಕ್ಕದಲ್ಲಿ ಅದು ಸಣ್ಣ ಮೊತ್ತವಾಗದು. ಅದನ್ನು ಮಾರಾಟದ ಲಾಭಕ್ಕೆ ಸೇರಿಸಿಕೊಂಡರೆ, ಸೀಸೆಗಳು ಮರಳದಿರುವುದೇ ಮಾರುವವನಿಗೆ ಹಿತವೆಂದಾಗುತ್ತದೆ. ಅದು ಕಾಡಿನಲ್ಲಿ ಬಿದ್ದ ಸೀಸೆಗಳ ಹಣ. ಕಾಡಿನಿಂದ ಅವನ್ನು ಎತ್ತುವವರಿಗೂ, ಕಿಂಡಿಯಲ್ಲಿ ಕುಳಿತು ಪಡೆಯುವವರಿಗೂ ಹೋಗುವುದೇ ಅದಕ್ಕೆ ಸಲ್ಲುವ ದಾರಿ.

ಮೊತ್ತವೂ ಎಂದೆಂದಿಗೂ ಒಂದೇ ಆಗಿರಲಾರದು. ಅಮೆರಿಕದ ಆರಿಗನ್ ಸಂಸ್ಥಾನ 1971ರಲ್ಲಿ ಇಂಥ ಕಾನೂನನ್ನು ಮಾಡಿ ಸೀಸೆಗೆ ಐದು ಸೆಂಟು ಠೇವಣಿ ಗೊತ್ತುಪಡಿಸಿತು. ವರ್ಷಗಳು ಉರುಳಿದಂತೆ ಐದು ಸೆಂಟಿಗಾಗಿ ಬಗ್ಗುವವರು ಕಡಮೆಯಾದರು. ಮರಳುವ ಪ್ರಮಾಣ ಕುಗ್ಗಿ, 2017ರಲ್ಲಿ ಅದನ್ನು ಹತ್ತು ಸೆಂಟಿಗೆ ಏರಿಸಬೇಕಾಯಿತು. ಇಂದು ನಮ್ಮಲ್ಲಿ ಹತ್ತು ರೂಪಾಯಿಗೆ ಒಂದು ಲೋಟ ಚಹ ಸಿಗುವುದೂ ಅನುಮಾನ. ಆದರೂ ಇಪ್ಪತ್ತು ಸೀಸೆ ಆಯ್ದವರಿಗೆ ಅದು ಒಂದು ಹೊತ್ತಿನ ಸಂಸಾರದ ಖರ್ಚು. ಆ ಬೆಲೆ ಇರುವವರೆಗೆ ಮಾತ್ರ ಕಾಡಿಗೆ ರಕ್ಷಣೆ.

ಈ ಪ್ರಶ್ನೆ ನಮ್ಮ ಹೊಸ್ತಿಲ ಈಚೆಗಿನದೂ ಹೌದು. ಬೇಸಿಗೆಯಲ್ಲಿ ನೀಲಗಿರಿ ಹತ್ತುವ ಗಾಡಿಗಳಲ್ಲಿ ಕರ್ನಾಟಕದವು ಎಷ್ಟೆಂಬುದು ಬಂಡೀಪುರದ ರಸ್ತೆಯ ಬದಿಯಲ್ಲಿ ಅರ್ಧ ಗಂಟೆ ನಿಂತರೆ ತಿಳಿಯುತ್ತದೆ. ಮುದುಮಲೆಯಿಂದ ಬಂಡೀಪುರಕ್ಕೆ ಬರುವ ಆನೆಗೆ ರಾಜ್ಯದ ಗಡಿಯಿಲ್ಲ. ಅಲ್ಲಿ ನೆಟ್ಟ ಚೂರು ಇಲ್ಲಿ ಕೀವಾಗುತ್ತದೆ, ಇಲ್ಲಿ ನೆಟ್ಟದ್ದು ಅಲ್ಲಿ. ಇಂಥ ಏರ್ಪಾಟಿನ ಚರ್ಚೆ ನಮ್ಮಲ್ಲಿ ನಡೆದಾಗಲೆಲ್ಲ ಮೇಲೆ ಹೇಳಿದ ನಾಲ್ಕು ಆಕ್ಷೇಪಗಳೂ ಇದೇ ಕ್ರಮದಲ್ಲಿ ಏಳುವುವೆಂದು ನನ್ನ ಊಹೆ. ಆಗ ನಾವು ಮೊದಲ ಮೂರರಲ್ಲಿ ಕಾಲ ಕಳೆಯದೆ ನಾಲ್ಕನೆಯದರಿಂದ ಆರಂಭಿಸುವುದು ಮೇಲು: ಸೀಸೆಯನ್ನು ಯಾರು ಹಿಡಿಯಬೇಕು, ಎಲ್ಲಿ ಇಡಬೇಕು, ಅವರಿಗೆ ಏನು ಸಲ್ಲಬೇಕು? ನಡತೆಯ ಮಾತನ್ನು ಆಮೇಲೆ ಆಡಬಹುದು.

ಬಸ್ಸು ಗುಂಡ್ಲುಪೇಟೆ ಸೇರುವ ವೇಳೆಗೆ ಹುಡುಗರ ಚರ್ಚೆ ತಣ್ಣಗಾಗಿತ್ತು. ವಾದ ಹೂಡಿದ್ದ ಹುಡುಗ ಸ್ವಲ್ಪ ಹೊತ್ತು ಸುಮ್ಮನಿದ್ದು, "ಸಾರ್, ಆ ಒಡೆದ ಎರಡನ್ನು ಆಕೆ ಏನು ಮಾಡುತ್ತಾಳೆ? ಅದಕ್ಕೆ ದುಡ್ಡು ಬರುವುದಿಲ್ಲವಲ್ಲ" ಎಂದ. ನನ್ನ ಬಳಿ ಉತ್ತರವಿರಲಿಲ್ಲ. ಆನೆಯ ಕಾಲಿಗೆ ನೆಡುವುದು ಇಡಿಯ ಸೀಸೆಯಲ್ಲ, ಒಡೆದದ್ದು. ಹತ್ತು ರೂಪಾಯಿಯ ಏರ್ಪಾಟು ಇಡಿಯದನ್ನು ಕಾಪಾಡುತ್ತದೆ, ಒಡೆದದ್ದನ್ನು ಕಣ್ಣೆತ್ತಿ ನೋಡುವುದಿಲ್ಲ. ಆದರೂ ಆಕೆ ಆ ಎರಡನ್ನು ಅಂಗಡಿಯ ಮುಂದೆ ಬಿಸಾಡದೆ ಚೀಲಕ್ಕೆ ಹಾಕಿಕೊಂಡಿದ್ದಳು. ನ್ಯಾಸವೆಂಬ ಮಾತು ಆಕೆಗೆ ಗೊತ್ತಿತ್ತೋ ಇಲ್ಲವೋ ಕಾಣೆ. ಅದರಂತೆ ನಡೆದವಳನ್ನು ಆ ದಿನ ನಾನು ಕಂಡದ್ದು ಆಕೆಯೊಬ್ಬಳನ್ನೇ.